ಲಸಾನ್ಯಾದೊಳಗಿನ ಬದನೆಕಾಯಿ

ಇದರಲ್ಲಿ ಕೆಲವು ಸಂಗತಿ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಅಡಿಗೆ ಪಾತ್ರೆಯ ಸ್ವಿಚ್ಚು ಹಾಕಿದ್ದು ಒಂದು ಗಂಟೆಗೋ ಒಂದೂವರೆಗೋ, ಅಪ್ಪನ ಫೋನು ಬಂದದ್ದು ಮೂರಕ್ಕೋ ಮೂರೂವರೆಗೋ, ಈಗ ಖಾತ್ರಿಯಿಲ್ಲ. ಇಪ್ಪತ್ತು ವರ್ಷದಿಂದ ಡೈರಿ ಬರೆಯುವವಳಿಗೆ ಇಷ್ಟೂ ನೆನಪಿಲ್ಲವೇ ಎಂದು ನೀವು ಕೇಳಬಹುದು. ಆ ಭಾನುವಾರದ ಪುಟ ತೆಗೆದು ನೋಡಿದೆ. ಅಲ್ಲಿರುವುದು ಇಷ್ಟು: “ಬದನೆಕಾಯಿ ಅರ್ಧ ಕಿಲೊ. ಟೊಮೆಟೊ ಒಂದು ಕಿಲೊ. ಚೀಸ್. ಇಂಗು ಮುಗಿದಿದೆ. ಅತ್ತಿ ಬರುತ್ತಾಳೆ.” ಕೊನೆಯ ಎರಡು ಪದಗಳ ಕೆಳಗೆ ಒಂದು ಗೆರೆ. ಆ ಗೆರೆಯನ್ನು ಬೆಳಿಗ್ಗೆ ಎಳೆದೆನೋ, ಅತ್ತಿ ಬಂದು ಹೋದ ಮೇಲೆ ಎಳೆದೆನೋ ಅದೂ ಗೊತ್ತಿಲ್ಲ. ಬೆಳಿಗ್ಗೆ ಎಳೆದಿದ್ದರೆ ಅದು ಸಂಭ್ರಮದ ಗೆರೆ. ಆಮೇಲೆ ಎಳೆದಿದ್ದರೆ ಬೇರೇನೋ.

ಅತ್ತಿ ಎಂದರೆ ಅಪ್ಪನ ಅಕ್ಕ, ಸಿಂಧೂ ಅತ್ತಿ. ಮದುವೆಯಾಗಲಿಲ್ಲ. ಖಡಕಿಯ ಒಂದು ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತಳಾದವಳು. ನನಗೆ ಎಂಟು ವರ್ಷವಾದಾಗ ಅವ್ವ ತೀರಿಕೊಂಡಳು. ಅಲ್ಲಿಂದ ನನ್ನ ಜಡೆ, ನನ್ನ ಮಗ್ಗಿ, ನನ್ನ ಜ್ವರ ಎಲ್ಲವೂ ಅತ್ತಿಯ ಪಾಲಿಗೆ ಬಂದವು. ಮಾರ್ಕೆಟ್ ಯಾರ್ಡಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ನಾವು ಮೂವರು. ಅಪ್ಪ ಬೆಲ್ಲದ ಅಡತಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಅತ್ತಿ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗಿ, ಮತ್ತೆ ಎರಡು ಬಸ್ಸು ಬದಲಿಸಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಒಲೆಯ ಮುಂದೆ ನಿಲ್ಲುತ್ತಿದ್ದಳು. ಆ ಮನೆಯ ಗೋಡೆಗಳಿಗೂ ಬೆಲ್ಲದ ವಾಸನೆಯಿತ್ತು ಎಂದು ನನಗೆ ನೆನಪು. ನಿಜಕ್ಕೂ ಇತ್ತೋ, ಅಪ್ಪನ ಅಂಗಿಯ ವಾಸನೆಯನ್ನು ನಾನೇ ಗೋಡೆಗೆ ಬಳಿದೆನೋ ಹೇಳಲಾರೆ.

ಅವರಿಬ್ಬರೂ ಈಗಲೂ ಅಲ್ಲಿಯೇ ಇದ್ದಾರೆ. ನಾನು ಊರಿನ ಇನ್ನೊಂದು ತುದಿಗೆ, ಖರಾಡಿಯಲ್ಲಿ, ಹನ್ನೊಂದನೇ ಮಹಡಿಯ ಮೇಲೆ, ಗಂಡ ಅಮೋಲ ಮತ್ತು ಏಳು ವರ್ಷದ ಮಗಳು ರೇವಾಳ ಜೊತೆ. ಅಮೋಲ ಮರಾಠಿಯವನು. ಒಂಬತ್ತು ವರ್ಷದ ಹಿಂದೆ ನಮ್ಮದು ರಜಿಸ್ಟರ್ ಮದುವೆ. ಸಹಿ ಹಾಕಿ ಹತ್ತಿಪ್ಪತ್ತು ಜನ ಡೆಕ್ಕನ್ ಬಡಾವಣೆಯ ಒಂದು ಹೋಟೆಲಿಗೆ ಊಟಕ್ಕೆ ಹೋದೆವು. ಅತ್ತಿ ಒಂದು ಲೋಟ ನೀರು ಕುಡಿದಳು. ತಾಟು ಮುಟ್ಟಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಅಮೋಲನ ಕೈಗೊಂದು ತೆಂಗಿನಕಾಯಿ ಕೊಟ್ಟು ಎದ್ದು ಹೋದಳು. ಆಮೇಲೆ ಒಂಬತ್ತು ವರ್ಷ ನಮ್ಮ ಮನೆಗೆ ಬರಲಿಲ್ಲ.

ಜಗಳವೆಂದು ತಿಳಿಯಬೇಡಿ. ನಾವು ಅವಳ ಮನೆಗೆ ಹೋಗುತ್ತಿದ್ದೆವು, ಅವಳು ಬಡಿಸುತ್ತಿದ್ದಳು, ನಾವು ಹೊಟ್ಟೆ ಬಿರಿಯ ತಿಂದು ಬರುತ್ತಿದ್ದೆವು. ರೇವಾಳಿಗೆ ಹೆಸರಿಟ್ಟದ್ದೂ ಆ ಮನೆಯಲ್ಲಿಯೇ. ಆದರೆ ನಮ್ಮಲ್ಲಿಗೆ ಕರೆದಾಗೆಲ್ಲ ಒಂದು ಕಾರಣ. ಮೊಣಕಾಲು ನೋವು. ಹಡಪಸರದ ಟ್ರಾಫಿಕ್ಕು. ನಲ್ಲಿ ನೀರು ಬರುವ ವೇಳೆ. ಪ್ರತಿ ಕಾರಣವೂ ನಿಜವೇ ಆಗಿತ್ತು, ಅದೇ ನನಗೆ ತ್ರಾಸು. ಸುಳ್ಳು ಕಾರಣವಾದರೆ ಸಿಟ್ಟಾದರೂ ಮಾಡಬಹುದಿತ್ತು.

ಮದುವೆಯ ಆ ದಿನ ಏಕಾದಶಿ ಇತ್ತು, ಅದಕ್ಕೇ ಅವಳು ಉಣ್ಣಲಿಲ್ಲ ಎಂದು ಅಪ್ಪ ಹೇಳುತ್ತಾನೆ. ಇರಬಹುದು. ರಜಿಸ್ಟರ್ ಕಚೇರಿಯವರು ತಾರೀಖು ಕೊಡುವಾಗ ಪಂಚಾಂಗ ನೋಡುವುದಿಲ್ಲ. ಮೊಬೈಲಿನಲ್ಲಿ ಹಳೆಯ ಪಂಚಾಂಗ ತೆಗೆದು ನೋಡಲು ಎರಡು ನಿಮಿಷ ಸಾಕು. ಎಷ್ಟೋ ಸಲ ತೆಗೆಯಲು ಹೋಗಿ ಬಿಟ್ಟಿದ್ದೇನೆ. ಒಂಬತ್ತು ವರ್ಷ ಕಾಪಾಡಿಕೊಂಡು ಬಂದ ನೋವು ಒಂದು ತಿಥಿಯ ಕೈಯಲ್ಲಿ ಸುಳ್ಳಾಗುವುದು ನನಗೆ ಬೇಡವಾಗಿತ್ತೆಂದು ಕಾಣುತ್ತದೆ.

ಅಂಥ ಅತ್ತಿ ತಾನಾಗಿಯೇ ಬರುತ್ತೇನೆಂದಳು. ಅದಕ್ಕೆ ಕಾರಣ ರೇವಾ. ಅವಳು ಫೋನಿನಲ್ಲಿ ಹರಟುತ್ತಿದ್ದುದನ್ನು ನಾನು ಬಟ್ಟೆ ಮಡಚುತ್ತ ಕೇಳಿಸಿಕೊಂಡೆ.

“ಅತ್ತಿಅಜ್ಜಿ, ನಮ್ಮ ಆಯಿ ಲಸಾನ್ಯಾ ಮಾಡ್ತಾಳ. ನಿಂಗ ಬರ್ತದೇನು?”

“ಇಲ್ಲವಾ, ನಂಗೆಲ್ಲಿ ಬರಬೇಕು. ಏನದು?”

“ಅದು... ಖಾರದ ಹೋಳಿಗಿ ಒಂದರ ಮ್ಯಾಲೊಂದು ಇಟ್ಟು, ನಡುವ ಚೀಸ್ ಹಾಕಿಧಂಗ.”

“ಖಾರದ ಹೋಳಿಗಿ? ಹಂಗಾರ ಬರೂ ರವಿವಾರ ತಿನ್ಲಿಕ್ಕೆ ಬರ್ತೀನಿ. ರೊಟ್ಟಿ ಪಲ್ಯಾ ಮಾಡಿ ಕೂಡಬ್ಯಾಡ ಅಂತ ನಿಮ್ಮವ್ವಗ ಹೇಳು. ಅವು ನಮ್ಮನ್ಯಾಗ ಇದ್ದದ್ದಽ.”

ಮಡಚಿದ ಬಟ್ಟೆಯನ್ನು ನಾನು ಬಿಚ್ಚಿ ಮತ್ತೆ ಮಡಚಿದೆ.

ನಮ್ಮಲ್ಲಿ ಓವನ್ ಇಲ್ಲ. ಇರುವುದು ಒಂದು ಸ್ಲೋ ಕುಕ್ಕರ್. ನಮ್ಮ ಕಟ್ಟಡದ ಒಂದು ಸಂಸಾರ ಊರು ಬಿಡುವಾಗ ಅಗ್ಗಕ್ಕೆ ಕೊಟ್ಟು ಹೋದದ್ದು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಹೊರಗೆ ಕರೆಂಟಿನ ಕವಚ. ಎಲ್ಲ ಒಳಗಿಟ್ಟು ಗುಂಡಿ ತಿರುವಿದರೆ ಐದಾರು ತಾಸು ತನ್ನಷ್ಟಕ್ಕೆ ಸಣ್ಣಗೆ ಬೇಯುತ್ತದೆ. ಅಮೋಲ ಇದನ್ನು ‘ಆಳಶಿ ಭಾಂಡ’, ಸೋಮಾರಿ ಪಾತ್ರೆ, ಎನ್ನುತ್ತಾನೆ. ಇದರ ನಿಯಮ ಒಂದೇ: ನಡುವೆ ಮುಚ್ಚಳ ತೆಗೆಯಬಾರದು. ಒಮ್ಮೆ ತೆಗೆದರೆ ಒಳಗಿನ ಬಿಸಿಯೆಲ್ಲ ಹೋಗಿ ಅರ್ಧ ತಾಸಿನ ಅಡಿಗೆ ನಷ್ಟ. ಹಾಲು ಕಾಯಿಸುವಾಗಲೂ ಒಲೆಯ ಮುಂದಿನಿಂದ ಅಲ್ಲಾಡದ ಅತ್ತಿಯ ಕೈಕೆಳಗೆ ಬೆಳೆದ ನನಗೆ ಇದು ದೊಡ್ಡ ಶಿಕ್ಷೆ. ತಿರುವದೆ, ಮೂಸದೆ, ಉಪ್ಪು ನೋಡದೆ ಸುಮ್ಮನೆ ಕೂತಿರುವುದು ನನ್ನಿಂದಾಗದು. ಹಾಗಾಗಿ ಸಾಮಾನ್ಯವಾಗಿ ನನ್ನ ಅಡಿಗೆ ಅರ್ಧ ತಾಸು ತಡ.

ಇನ್ನು ಕಾಶಿಯ ವಿಷಯ. ಅವ್ವ ಹೋದ ಮರುವರ್ಷ ಅಪ್ಪ, ಅತ್ತಿ ಇಬ್ಬರೂ ಕಾಶಿಗೆ ಹೋಗಿಬಂದರು. ಕಾಶಿಗೆ ಹೋದವರು ತಮಗೆ ಬಹಳ ಇಷ್ಟವಾದ ಒಂದು ಕಾಯಿಪಲ್ಯ ಗಂಗೆಯ ದಂಡೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಜೀವಮಾನದಲ್ಲಿ ತಿನ್ನಬಾರದು. ನಮ್ಮ ಪ್ರತಿ ಮನೆಯಲ್ಲೂ ಇಂಥ ಒಬ್ಬರಿರುತ್ತಾರೆ. ಪಂಕ್ತಿಯಲ್ಲಿ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು “ಇದನ್ನ ಕಾಶ್ಯಾಗ ಬಿಟ್ಟೀನ್ರಿ” ಎನ್ನುವವರು. ಜಾಣರು ಹಾಗಲಕಾಯಿ ಬಿಡುತ್ತಾರೆ. ಅತ್ತಿ ಜಾಣೆಯಲ್ಲ. ಅವಳು ಬಿಟ್ಟದ್ದು ನಿಜಕ್ಕೂ ಇಷ್ಟವಾದದ್ದನ್ನೇ, ಕುಂಬಳಕಾಯಿಯನ್ನು.

ಆ ಭಾನುವಾರದ ತನಕ ಈ ನೆನಪು ನನ್ನಲ್ಲಿ ಕಲ್ಲಿನ ಹಾಗಿತ್ತು. ಸಂತೆಯಲ್ಲಿ ಸೀಳಿಟ್ಟ ಕುಂಬಳಕಾಯಿಯ ಮುಂದೆ ಅತ್ತಿ ಒಂದು ಕ್ಷಣ ನಿಂತು ಮುಂದೆ ಹೋಗುವುದು, ನಾನು ಅವಳ ಚೀಲದ ತುದಿ ಹಿಡಿದಿರುವುದು, ಕಾಯಿಯ ಕೇಸರಿ ಬಣ್ಣ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಇಷ್ಟು ಸ್ಪಷ್ಟವಾದ ನೆನಪನ್ನು ಅನುಮಾನಿಸಬೇಕೆಂದು ಓದಿದವಳು ನಾನು, ಇತರರಿಗೆ ಹೇಳಿದವಳೂ ಹೌದು. ನನ್ನದನ್ನು ಮಾತ್ರ ಅನುಮಾನಿಸಲಿಲ್ಲ.

ಲಸಾನ್ಯಾದ ವಿಧಾನದಲ್ಲಿ ತೆಳ್ಳಗಿನ ಗೋಧಿ ಹಾಳೆಗಳ ನಡುವೆ ಕುಂಬಳಕಾಯಿಯ ಹೋಳು ಹಾಕಬೇಕು ಎಂದಿತ್ತು. ನಾನು ಅದನ್ನು ತೆಗೆದು ಬದನೆಕಾಯಿ ಹಾಕಿದೆ. ಅತ್ತಿಗೆಂದು ಬೆಳ್ಳುಳ್ಳಿ, ಉಳ್ಳಾಗಡ್ಡಿ ಬಿಟ್ಟೆ, ಟೊಮೆಟೊ ರಸಕ್ಕೆ ಇಂಗು ಹಾಕಿದೆ. ಹಾಳೆಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ಎರಡು ಸಲ ನೋಡಿದೆ. ಒಂದು ಹಾಳೆ, ಒಂದು ಪದರ ಬದನೆಕಾಯಿ, ರಸ, ಪನೀರು, ಚೀಸು, ಮತ್ತೆ ಹಾಳೆ. ಹೀಗೆ ನಾಲ್ಕು ಅಂತಸ್ತು ಕಟ್ಟಿ ಮುಚ್ಚಳ ಮುಚ್ಚಿದೆ. ಊಟಕ್ಕೆ ಕೂತಾಗ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ: “ಕುಂಬಳಕಾಯಿ ಹಾಕಿಲ್ಲ ನೋಡತ್ತಿ, ನಂಗ ನೆನಪದ.” ನನ್ನ ಆ ಜಂಬ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗ ಅಪ್ಪನ ಫೋನು ಬಂತು.

“ಏನ್ ನಡದದವಾ?”

“ಅಡಿಗಿ ಇಟ್ಟೀನಿ ಅಪ್ಪಾ. ತಾನಽ ಬೇಯ್ಲಿಕ್ಕತ್ತದ.”

“ಏನೇನ್ ಹಾಕಿದಿ?”

ನಾನು ಪದರ ಪದರವಾಗಿ ವರ್ಣಿಸಿದೆ. “ಖರೇ ಅಂದ್ರ ಕುಂಬಳಕಾಯಿ ಹಾಕಬೇಕು. ಅತ್ತಿ ಕಾಶ್ಯಾಗ ಬಿಟ್ಟಾಳಲ್ಲ, ಅದಕ್ಕ ಬದ್ನೀಕಾಯಿ ಹಾಕೀನಿ.”

ಆ ಕಡೆ ಟೀವಿಯ ಸದ್ದು ಕಡಿಮೆಯಾಯಿತು.

“ಅಪ್ಪಾ?”

“ಕುಂಬಳಕಾಯಿ ಅಕಿ ಬಿಟ್ಟಾಳೇನು?”

“ಮತ್ತ ಯಾರು?”

“ಅಲ್ಲವಾ... ಅಕಿ ಬದ್ನೀಕಾಯಿ ಬಿಟ್ಟಂಗಿತ್ತು. ಕುಂಬಳಕಾಯಿ ನಾ ಬಿಟ್ಟಿದ್ದೆ, ಕಾಣ್ತದ.”

“ಹೋದ ತಿಂಗಳ ನಮ್ಮನ್ಯಾಗ ಕುಂಬಳಕಾಯಿ ಪಲ್ಯಾ ಎರಡು ಸರ್ತಿ ಹಾಕಿಸಿಕೊಂಡಿ!”

“ಅದನ್ನಽ ಹೇಳ್ಲಿಕ್ಕತ್ತೀನಿ. ಎರಡರಾಗ ಒಂದು ನಾ ಬಿಟ್ಟೀನಿ, ಒಂದು ಅಕಿ. ಯಾವ್ದು ಯಾರದು ಅನ್ನೋದು ಮರತದ. ಅದಕ್ಕ ನಾ ಎರಡೂ ತಿಂತೀನಿ. ಪಾಪ ಹತ್ತಿದ್ರ ಒಂದರದಷ್ಟಽ ಹತ್ತತದ.”

“ಅತ್ತಿ ಅಲ್ಲೇ ಇದ್ದಾಳಲ್ಲ, ಕೇಳು.”

ಅಪ್ಪ ದನಿ ಇಳಿಸಿದ. “ಅಕಿ ಆಗ್ಲೇ ಸೀರಿ ತಗದು ಹೊರಗಿಟ್ಟಾಳ. ಒಂಬತ್ತು ವರ್ಷಕ್ಕ ಹೊಂಟಾಳ. ಈಗ ನಾ ಹೋಗಿ ಬದ್ನೀಕಾಯಿ ಅಂದ್ರ, ‘ಹಂಗಾರ ಇನ್ನೊಮ್ಮೆ ನೋಡೋಣ’ ಅಂತ ಸೀರಿ ಒಳಗಿಡ್ತಾಳ. ನನ್ನ ಬಾಯಿಂದ ಹೊರಡಸಬ್ಯಾಡ.”

“ಮನ್ಯಾಗ ಬದ್ನೀಕಾಯಿ ಮಾಡ್ತಾಳಿಲ್ಲೊ?”

“ವಾರಕ್ಕೊಮ್ಮೆ ಮಾಡ್ತಾಳ. ಭಾಳ ಛೊಲೊ ಮಾಡ್ತಾಳ.”

“ತಾನು ತಿಂತಾಳೇನು?”

“ಅಕಿ ತಾಟಿನ್ಯಾಗ ಏನದ ಅಂತ ನಾ ಯಾಕ ನೋಡ್ಲಿ?”

ಅಪ್ಪನ ಮೇಲೆ ಸಿಟ್ಟು ಬಂತು, ಆದರೆ ಅದು ನಿಲ್ಲಲಿಲ್ಲ. ಹತ್ತೊಂಬತ್ತು ವರ್ಷ ಅವಳ ಕೈಯ ಎಣಗಾಯಿ ತಿಂದವಳು ನಾನೂ ಅಲ್ಲವೇ? ನಾಲ್ಕಾಗಿ ಸೀಳಿದ ಎಳೆಯ ಬದನೆಕಾಯಿ, ಒಳಗೆ ಶೇಂಗಾ, ಗುರೆಳ್ಳು, ಹುಣಸೆ, ಅಪ್ಪನ ಅಂಗಡಿಯ ಬೆಲ್ಲ. ನನ್ನ ತಾಟಿಗೆ ಬೀಳುತ್ತಿದ್ದ ಎರಡು ಕಾಯಿ, ಅವುಗಳ ತೊಟ್ಟು, ಜೋಳದ ರೊಟ್ಟಿಯ ಅಂಚಿಗೆ ಹತ್ತುತ್ತಿದ್ದ ಎಣ್ಣೆ ಕಣ್ಣೆದುರಿಗಿದೆ. ಅಪ್ಪನ ತಾಟೂ ಕಾಣುತ್ತದೆ. ಅತ್ತಿಯ ತಾಟು ಎಲ್ಲಿದೆ? ಅವಳು ಎಲ್ಲಿ ಕೂಡುತ್ತಿದ್ದಳು? ನಮ್ಮದಾದ ಮೇಲೆ ಉಣ್ಣುತ್ತಿದ್ದಳೆಂಬುದು ಗೊತ್ತು. ಏನು ಉಣ್ಣುತ್ತಿದ್ದಳು? ನಾನು ಎಷ್ಟು ತಡಕಾಡಿದರೂ ಆ ಜಾಗ ಬರಿದು. ಬಡಿಸುವವರ ತಾಟನ್ನು ಮಕ್ಕಳು ನೋಡುವುದಿಲ್ಲ. ನಾನು ದೊಡ್ಡವಳಾದ ಮೇಲೂ ನೋಡಿರಲಿಲ್ಲ.

ಸಂತೆಯ ಚಿತ್ರವೂ ಆಗ ಅಲುಗಾಡತೊಡಗಿತು. ನಾನು ಚೀಲದ ತುದಿ ಹಿಡಿದಿದ್ದೆ, ಸರಿ. ಅತ್ತಿ ನಿಂತದ್ದು ಸರಿ. ಮುಂದಿದ್ದದ್ದು ಕೇಸರಿಯೋ ನೇರಳೆಯೋ?

ನಾನು ಮುಚ್ಚಳ ತೆಗೆದೆ. ಒಂದು ಚಮಚ ಹಿಡಿದು ಬದನೆಕಾಯಿಯನ್ನು ಹೊರಗೆಳೆಯುವ ಹುಚ್ಚು ಯೋಚನೆ. ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ಮೇಲಿನ ಹಾಳೆ ಎತ್ತಿದರೆ ಅದು ಹರಿಯಿತು. ಕೆಳಗೆ ಬದನೆಕಾಯಿ ಎಂಬುದೇ ಬೇರೆಯಾಗಿ ಉಳಿದಿರಲಿಲ್ಲ. ಅದು ರಸದಲ್ಲಿ, ಪನೀರಿನಲ್ಲಿ, ಹಾಳೆಯಲ್ಲಿ ಸೇರಿಹೋಗಿತ್ತು. ಸಿಪ್ಪೆಯ ಕಪ್ಪು ಅಂಚು ಮಾತ್ರ ಅಲ್ಲಲ್ಲಿ ಕಾಣುತ್ತಿತ್ತು.

ಮುಚ್ಚಳದ ಸದ್ದು ಕೇಳಿ ಅಮೋಲ ಬಂದ. ಕೇಳಿ ತಿಳಿದುಕೊಂಡು ತನ್ನ ಮರಾಠಿಯಲ್ಲಿ ಹೇಳಿದ: “ಹೇಳಬೇಡ. ಇದರಲ್ಲಿ ಏನಿದೆ ಅಂತ ಮಾಡಿದ ನಿನಗೇ ಕಾಣ್ತಾ ಇಲ್ಲ, ಆತ್ಯಾಗೆ ಹೇಗೆ ತಿಳಿಯುತ್ತೆ?”

“ಗೊತ್ತಿದ್ದೂ ತಿನ್ನಿಸಲಾ?”

“ನಿನಗೆ ಗೊತ್ತೇ ಇಲ್ಲವಲ್ಲ. ಅಪ್ಪನಿಗೂ ಗೊತ್ತಿಲ್ಲ.”

“ಗೊತ್ತಿರುವವಳು ಅವಳೊಬ್ಬಳೇ.”

ಅವನು ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟ. “ನೀನು ಹೇಳಿದರೆ ಅವರು ತಿನ್ನುವುದಿಲ್ಲ. ಆಮೇಲೆ ಇನ್ನೂ ಒಂಬತ್ತು ವರ್ಷ ನೀನು ಅದನ್ನೇ ಹೇಳ್ತೀ. ಅತ್ತಿ ನಮ್ಮ ಮನೆಗೆ ಬಂದರೂ ತಾಟು ಮುಟ್ಟಲಿಲ್ಲ ಅಂತ. ಅದನ್ನು ಕೇಳುವವನು ನಾನು.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನಾಟಿತು. ತೆಂಗಿನಕಾಯಿ ಹಿಡಿದು ಹೋಟೆಲಿನ ಬಾಗಿಲಲ್ಲಿ ನಿಂತಿದ್ದವನು ಅವನು. ನನ್ನ ನೋವಿನ ಲೆಕ್ಕದಲ್ಲಿ ಅವನನ್ನು ನಾನು ಹಿಡಿದೇ ಇರಲಿಲ್ಲ.

ಮುಚ್ಚಳ ಮುಚ್ಚಿದೆ. ಆಮೇಲಿನ ನಾಲ್ಕು ತಾಸು ಹೇಗೆ ಹೋದವೆಂದು ಕೇಳಬೇಡಿ. ಪಾತ್ರೆ ತನ್ನ ಪಾಡಿಗೆ ಗುಳುಗುಳು ಎನ್ನುತ್ತಿತ್ತು. ಬೇರೆ ಏನಾದರೂ ಮಾಡೋಣವೆಂದರೆ ರೊಟ್ಟಿ ಪಲ್ಯ ಬೇಡವೆಂದು ಅವಳೇ ಹೇಳಿದ್ದಾಳೆ. ಮೊಸರನ್ನ ಕಲಸಿ, ಒಗ್ಗರಣೆ ಕೊಟ್ಟು, ಪಾತ್ರೆಗಳ ಹಿಂದೆ ಕಾಣದ ಹಾಗೆ ಇಟ್ಟೆ. ಹೇಳುವುದು ಎಂದು ನಿರ್ಧರಿಸಿ ಮುಖ ತೊಳೆದೆ. ಹೇಳದಿರುವುದು ಎಂದು ನಿರ್ಧರಿಸಿ ತಲೆ ಬಾಚಿದೆ. ಮೇಜಿಗೆ ತಾಟು ಹಚ್ಚುವಾಗ ಎರಡೂ ನಿರ್ಧಾರ ಉಳಿದಿರಲಿಲ್ಲ.

ಏಳೂವರೆಗೆ ಅವರು ಬಂದರು. ಅತ್ತಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಾಲ್ಕನಿಯವರೆಗೆ ನಡೆದು, ಕೆಳಗೆ ನೋಡಿ ಹಿಂದೆ ಸರಿದಳು.

“ಅಯ್ಯ, ಇಷ್ಟು ಮ್ಯಾಲೆ ಹಾಲಿನಾಂವ ಬರ್ತಾನೇನು?”

“ಬರ್ತಾನತ್ತಿ. ಲಿಫ್ಟ್ ಅದಲ್ಲ.”

ಆಮೇಲೆ ಅಡಿಗೆಮನೆಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಪಾತ್ರೆಯನ್ನು ನೋಡಿದಳು. “ಇದಽ ಏನು? ಉರಿ ಎಲ್ಲೆದ?”

“ಒಳಗಽ ಅದ. ತಾನಽ ಬೇಯ್ತದ.”

“ತಿರುವೂದು?”

“ತಿರುವೂದಿಲ್ಲ.”

“ತಿರುವಲಾರದ ಅಡಿಗಿ ನಿಂದು ಹ್ಯಾಂಗಾತವಾ? ಅದರದಽ ಆತು.” ಎಂದು ನಕ್ಕಳು. ಅಪ್ಪ ಅವಳ ಬೆನ್ನ ಹಿಂದೆ ನಿಂತು ನನಗೆ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದ. ಹೇಳು ಎಂದೋ, ಹೇಳಬೇಡ ಎಂದೋ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೆಂದು ನಾನು ನಂಬುವುದಿಲ್ಲ.

ಊಟಕ್ಕೆ ಕೂತೆವು. ಬಡಿಸುವುದು ತನ್ನ ಕೆಲಸವೆಂದು ಅಮೋಲ ಎದ್ದು ನಿಂತ. ಅತ್ತಿಗೆ ಕೂತಲ್ಲಿ ನೆಮ್ಮದಿಯಿಲ್ಲ, ಎರಡು ಸಲ ಏಳಲು ಹೋದಳು. ರೇವಾ ಅವಳ ಸೆರಗು ಹಿಡಿದು ಕೂಡಿಸಿದಳು. ಅಮೋಲ ಮುಚ್ಚಳ ತೆಗೆದ. ಒಂದು ಹೋಳು ಕತ್ತರಿಸಿ ಎತ್ತಿದ. ಅದರ ಪಕ್ಕದಲ್ಲಿ ಕಪ್ಪು ಅಂಚು ನನಗೆ ಕಂಡಿತು, ಅವಳಿಗೂ ಕಂಡಿರಬೇಕು, ಇಲ್ಲದಿರಬಹುದು. ಚಮಚ ಅವಳ ತಾಟಿನ ಮೇಲೆ ಬಂದಾಗ ನನ್ನ ಬಾಯಿ ತಾನಾಗಿ ತೆರೆಯಿತು.

“ಅತ್ತಿ, ಇದರಾಗ ಬದ್ನೀಕಾಯಿ ಅದ.”

ಅಮೋಲನ ಕೈ ಅಲ್ಲಿಯೇ ನಿಂತಿತು. ಅಪ್ಪ ನೀರಿನ ಲೋಟ ಎತ್ತಿ, ಕುಡಿಯದೆ, ಅದರೊಳಗೆ ನೋಡುತ್ತ ಕೂತ.

ಅತ್ತಿ ನನ್ನನ್ನು ನೋಡಿದಳು. “ಬದ್ನೀಕಾಯಿ ಹಾಕಿಯೇನು?”

“ಹೂಂ. ನಂಗ... ಬ್ಯಾರೆ ನೆನಪಿತ್ತು. ಮೊಸರನ್ನ ಮಾಡಿಟ್ಟೀನಿ. ಅದನ್ನ ತರ್ಲಿ?”

“ಮೊಸರನ್ನ ಕಡೀಕ ತಿನ್ನೂದಲ್ಲೇನು.”

ಅವಳು ಅಮೋಲನ ಕಡೆ ತಿರುಗಿದಳು. ಅವನು ಚಮಚ ಹಿಡಿದು, ಮಳೆಯಲ್ಲಿ ಬಸ್ಸು ಕಾಯುವವನ ಹಾಗೆ ನಿಂತಿದ್ದ. ಒಂದು ನಿಮಿಷವಾಯಿತೋ, ಮೂರು ಸೆಕೆಂಡೋ. ಅವಳು ತಾಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಸರಿಸಿದಳು.

“ನೀಡಪಾ. ಆರಿ ಹೋಗ್ತದ.”

ಅವನು ನೀಡಿದ. ಅವಳು ದಿನವೂ ಮಾಡುವ ಹಾಗೆ ತಾಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದ್ದಳೆಂದು ನನಗನ್ನಿಸಿತು. ಆದರೆ ಎಂದೂ ಎಷ್ಟು ಹೊತ್ತು ಮುಚ್ಚುತ್ತಿದ್ದಳೆಂದು ನಾನು ನೋಡಿದ್ದರೆ ತಾನೆ?

ಆ ದಿನ ಮಾತ್ರ ನೋಡಿದೆ. ನನ್ನ ತಾಟು ಬಿಟ್ಟು ಅವಳ ತಾಟನ್ನೇ ನೋಡಿದೆ. ಚಮಚ ಬದಿಗಿಟ್ಟು ಕೈಯಿಂದಲೇ ಮುರಿದಳು. ಚೀಸು ಎಳೆಎಳೆಯಾಗಿ ಬಂದಾಗ ಬೆರಳಿಗೆ ಸುತ್ತಿಕೊಂಡು ರೇವಾಳಿಗೆ ತೋರಿಸಿದಳು, “ಇದರ ಶಾವಿಗಿ ಹೊಸೀಬಹುದು ನೋಡು.” ಬದನೆಕಾಯಿಯ ಕಪ್ಪು ಅಂಚುಗಳನ್ನು ಬದಿಗೆ ಸರಿಸಲಿಲ್ಲ. ಮೊದಲ ತುತ್ತನ್ನು ಬಹಳ ನಿಧಾನ ಅಗಿದಳು. ಆಮೇಲಿನ ತುತ್ತುಗಳು ಸಾಮಾನ್ಯವಾಗಿದ್ದವು. ತಾಟು ಖಾಲಿಯಾಯಿತು.

“ಹ್ಯಾಂಗಾಗ್ಯದತ್ತಿ?” ಎಂದು ಕೇಳಿದೆ.

“ಉಪ್ಪು ಕಡಿಮಿ. ಇಂಗು ಸ್ವಲ್ಪ ಮುಂದಾಗ್ಯದ. ಉಳದದ್ದು ಛೊಲೊ ಅದ.” ಅಮೋಲನಿಗೆ ತನ್ನ ಮುರುಕು ಮರಾಠಿಯಲ್ಲಿ, ಇನ್ನೊಂದು ಸಣ್ಣ ತುಂಡು ಹಾಕೆಂದಳು. ಅವನು ಸಣ್ಣದಲ್ಲದ ತುಂಡು ಹಾಕಿದ. ಅವಳು “ಸಾಕಪಾ, ನೀನೂ ಕೂಡು ಈಗ” ಎಂದಳು. ಅಪ್ಪ ಮೂರು ಸಲ ಹಾಕಿಸಿಕೊಂಡ, ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಅವಳು ಮೊಸರನ್ನವನ್ನೂ ತಿಂದಳು, ಕಡೆಗೆ, ತಾನು ಹೇಳಿದ ಹಾಗೆಯೇ.

ಹೊರಡುವಾಗ ಅಮೋಲನೂ ಅಪ್ಪನೂ ಗಾಡಿ ನೋಡಲೆಂದು ಮೊದಲೇ ಕೆಳಗಿಳಿದಿದ್ದರು. ರೇವಾ ಸೋಫಾದ ಮೇಲೆ ಆಕಳಿಸುತ್ತಿದ್ದಳು. ಲಿಫ್ಟಿನಲ್ಲಿ ನಾನು ಮತ್ತು ಅತ್ತಿ ಇಬ್ಬರೇ. ಹನ್ನೊಂದು ಮಹಡಿ ಇಳಿಯಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಕೇಳಿಬಿಟ್ಟೆ. ಅವಳು ಬಾಗಿಲ ಮೇಲೆ ಇಳಿಯುತ್ತಿದ್ದ ಅಂಕಿಗಳನ್ನು ನೋಡುತ್ತಿದ್ದಳು. ಕಿವಿಗೆ ಬೆರಳು ಹಾಕಿ ಅಲುಗಿಸಿ, “ಕಿವಿ ಮುಚ್ಚಿಧಂಗಾತು ನೋಡು” ಎಂದಳು. ಬಾಗಿಲು ತೆರೆಯಿತು. ಹೊರಗೆ ಅಪ್ಪ ನಿಂತಿದ್ದ.

ಇದಾಗಿ ಮೂರು ವಾರವಾಯಿತು. ಅತ್ತಿ ನಾಲ್ಕೈದು ಸಲ ಫೋನು ಮಾಡಿದ್ದಾಳೆ. ರೇವಾಳ ಕೆಮ್ಮು ಕೇಳಿದಳು, ಅಮೋಲನಿಗೆ ಚಟ್ನಿಪುಡಿ ಕಳಿಸುತ್ತೇನೆಂದಳು, ಆ ಪಾತ್ರೆಯಲ್ಲಿ ಗಿಣ್ಣ ಆಗುತ್ತದೆಯೇ ಎಂದು ವಿಚಾರಿಸಿದಳು. ಲಿಫ್ಟಿನ ಮಾತನ್ನು ಅವಳು ಎತ್ತಲಿಲ್ಲ, ಎರಡನೇ ಸಲ ಕೇಳುವ ಧೈರ್ಯ ನನಗೂ ಬಂದಿಲ್ಲ. ಅವಳಿಗೆ ಕೇಳಿಸಿತ್ತೋ ಇಲ್ಲವೋ ಹೇಳಲಾರೆ. ಆದರೆ ನಾನು ಕೇಳಿದ ಶಬ್ದಗಳಲ್ಲಿ ತಪ್ಪಿಲ್ಲ, ಮನೆಗೆ ಬಂದ ತಕ್ಷಣ ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ:

“ಅತ್ತಿ, ನೀ ಬಿಟ್ಟಿದ್ದನ್ನ ಇವತ್ತ ನನ್ನ ಸಲುವಾಗಿ ತಿಂದಿಯೇನು?”